ತೋಪು ಕಟ್ಟಿದ ವಕೀಲ

ಸಿರಸಂಗಿಯ ಕಾಳಮ್ಮನು ವಿಶ್ವಕರ್ಮರ ಆರಾಧ್ಯದೇವತೆ. ಕುಲುಮೆಯನ್ನು ನಂಬಿ ಬದುಕುವ ಜನರು ದೂರದೂರದಿಂದ ಹರಕೆ ಹೊತ್ತು ಬರುವ ಆ ಊರಿನಲ್ಲಿ ಬೆಳೆದ ನನಗೆ ಕಬ್ಬಿಣದ ಕಥೆ ಯಾವುದೂ ಪರದೇಶದ್ದೆನಿಸುವುದಿಲ್ಲ. ನಾನು ಕನ್ನಡ ಪಾಠ ಹೇಳುವವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೂ ಇಂಗ್ಲೆಂಡಿನ ವಿಲಿಯಂ ಜಾರ್ಜ್ ಆರ್ಮ್‌ಸ್ಟ್ರಾಂಗನ ಚರಿತ್ರೆಯನ್ನು ಓದುವಾಗ ನನ್ನ ಕಣ್ಣೆದುರು ನಿಂತುದು ನಮ್ಮೂರ ಕಂಬಾರಸಾಲೆಯೇ.

ಆತನು ಹುಟ್ಟಿದುದು 1810ರ ನವೆಂಬರ್ 26ರಂದು, ಟೈನ್ ನದಿಯ ದಡದ ನ್ಯೂಕ್ಯಾಸಲ್ ಪಟ್ಟಣದಲ್ಲಿ. ತಂದೆ ಧಾನ್ಯದ ವರ್ತಕ. ಮಗನು ವಕೀಲನಾಗಲೆಂಬುದು ತಂದೆಯ ಇಚ್ಛೆ; ಮಗನು ವಕೀಲನಾದನು. ಆದರೆ ಮೀನು ಹಿಡಿಯಲು ಹಳ್ಳದ ದಂಡೆಗೆ ಹೋದವನ ಕಣ್ಣು ನೀರಿನಿಂದ ತಿರುಗುವ ಚಕ್ರದ ಮೇಲೆ ನೆಟ್ಟಿತು. ಆ ನೀರಿನ ಬಲವೆಲ್ಲ ವ್ಯರ್ಥವಾಗುತ್ತಿದೆಯಲ್ಲ ಎಂಬ ಕೊರಗು ಅವನನ್ನು ಬಿಡಲಿಲ್ಲ. ನೀರಿನ ಒತ್ತಡದಿಂದ ಭಾರವೆತ್ತುವ ಯಂತ್ರವನ್ನು ರಚಿಸಿ, 1847ರಲ್ಲಿ ಎಲ್ಸ್‌ವಿಕ್ ಎಂಬಲ್ಲಿ ಕಾರ್ಖಾನೆ ತೆರೆದನು. ವಕೀಲಿ ಅಲ್ಲಿಗೆ ಮುಗಿಯಿತು.

ತೋಪಿನ ಗೊಡವೆ ಅವನಿಗೆ ಅಂಟಿಕೊಂಡುದು ಕ್ರಿಮಿಯಾ ಯುದ್ಧದಿಂದ. 1854ರ ನವೆಂಬರ್ 5ರಂದು ಇಂಕರ್‌ಮನ್ ರಣದಲ್ಲಿ ಒಂದೊಂದೂ ಸುಮಾರು ಎರಡು ಟನ್ ತೂಗುವ ಎರಡು ತೋಪುಗಳನ್ನು ಸೈನಿಕರು ಹರಸಾಹಸದಿಂದ ಎಳೆದು ತಂದರು. ಅವುಗಳಿಂದಲೇ ಕಾಳಗದ ಗತಿ ತಿರುಗಿತು. ಇಷ್ಟು ಭಾರವೇಕೆ ಬೇಕು ಎಂಬುದು ಆರ್ಮ್‌ಸ್ಟ್ರಾಂಗನ ಪ್ರಶ್ನೆ. 1824ರಲ್ಲಿ ಕಿತ್ತೂರ ಕೋಟೆಯೆದುರು ಥ್ಯಾಕರೆ ತಂದು ನಿಲ್ಲಿಸಿದ ತೋಪುಗಳಿಗೂ ಇವಕ್ಕೂ ಮೂವತ್ತು ವರ್ಷಗಳ ಅಂತರವಿದ್ದರೂ ಜಾತಿ ಒಂದೇ: ಒಳಗೆ ನುಣುಪಾದ ನಳಿಗೆ, ಅದರಲ್ಲಿ ಸಡಿಲವಾಗಿ ಉರುಳುವ ದುಂಡನೆಯ ಗುಂಡು. ನಳಿಗೆಯೊಳಗೆ ಸುರುಳಿಗೆರೆ ಕೊರೆದು ನೀಳವಾದ ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಟ್ಟರೆ ಅದು ದೂರ ಹೋಗುವುದು, ನೇರ ಹೋಗುವುದು. ಬಂದೂಕಿನಲ್ಲಿ ಇದು ತಿಳಿದ ಮಾತೇ. ತೋಪಿಗೆ ತಂದಾಗ ಅಡ್ಡಬಂದುದು ಲೋಹ. ಬಿಗಿಯಾಗಿ ಹೊರಡುವ ಗುಂಡಿನ ಹಿಂದೆ ಒತ್ತಡ ಹೆಚ್ಚು. ಎರಕದ ಕಬ್ಬಿಣ ಪೆಡಸು, ಒಡೆದು ಸಿಡಿಯುವುದು. ಕಂಚು ಸಿಡಿಯದು, ಆದರೆ ಮೆದು. ಕೊರೆದ ಗೆರೆ ಬೇಗ ಸವೆಯುವುದು.

ಇಲ್ಲಿ ಆತನು ಮಾಡಿದುದನ್ನು ನಮ್ಮ ಭಾಗದ ಒಕ್ಕಲಿಗನಿಗೆ ವಿವರಿಸಬೇಕಾದುದೇ ಇಲ್ಲ. ಚಕ್ಕಡಿಯ ಗಾಲಿಗೆ ಹಳಿ ಏರಿಸುವಾಗ ಕಂಬಾರನು ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಮಾಡುತ್ತಾನೆ. ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಗಾಲಿಯ ಮೇಲೆ ಕೂಡಿಸಿ ನೀರು ಸುರಿದಾಗ ಕುಗ್ಗಿ, ಕಟ್ಟಿಗೆಯ ಕೀಲುಗಳನ್ನೆಲ್ಲ ಒಂದಾಗಿ ಬಿಗಿಯುತ್ತದೆ. ಆರ್ಮ್‌ಸ್ಟ್ರಾಂಗನು ಮೆದುಕಬ್ಬಿಣದ ಸಲಾಕೆಯನ್ನು ಕಾಯಿಸಿ ಹಗ್ಗದಂತೆ ಸುತ್ತಿ, ಆ ಸುತ್ತುಗಳನ್ನು ಬಡಿದು ಬೆಸೆದು ಕೊಳವೆ ಮಾಡಿದನು. ಬಡಿದ ಕಬ್ಬಿಣಕ್ಕೆ ಕಟ್ಟಿಗೆಯಂತೆ ಎಳೆಯುಂಟು. ಸುತ್ತಿದಾಗ ಆ ಎಳೆ ನಳಿಗೆಯನ್ನು ಬಳಸಿ ನಿಂತು ಸಿಡಿತವನ್ನು ತಡೆಯುತ್ತದೆ. ಇಂಥ ಕೊಳವೆಯನ್ನು ಕಾಯಿಸಿ ಒಳನಳಿಗೆಯ ಮೇಲೆ ತೊಡಿಸಿದರೆ, ಆರುವಾಗ ಅದು ಒಳಗಿನದನ್ನು ಹಿಂಡಿ ಹಿಡಿಯುತ್ತದೆ. ಒಂದೇ ಎರಕದ ತೋಪಿನಲ್ಲಿ ಒತ್ತಡದ ಹೊರೆಯೆಲ್ಲ ಒಳಪದರದ ಮೇಲೆ ಬಿದ್ದು ಹೊರಪದರ ಬಹುಮಟ್ಟಿಗೆ ಸುಮ್ಮನಿರುತ್ತದೆ. ಈ ತೋಪಿನಲ್ಲಿ ಹೊರಪದರವೂ ಹೆಗಲು ಕೊಡುತ್ತದೆ. ಆದುದರಿಂದಲೇ ಭಾರ ಇಳಿಯಿತು. ಸೈನ್ಯವು ಸ್ವೀಕರಿಸಿದ ಹನ್ನೆರಡು ಪೌಂಡ್ ಗುಂಡಿನ ತೋಪಿನ ನಳಿಗೆಯ ತೂಕ ಸುಮಾರು 400 ಕಿಲೊ. ಒಳಬಾಯಿ ಮೂರು ಅಂಗುಲ, ಅದರಲ್ಲಿ 38 ಗೆರೆಗಳು. ಗುಂಡಿನ ಮೇಲಿನ ಸೀಸದ ಹೊದಿಕೆ ಆ ಗೆರೆಗಳನ್ನು ಕಚ್ಚಿಕೊಳ್ಳುತ್ತಿತ್ತು.

1859ರಲ್ಲಿ ಆತನು ತನ್ನ ಪೇಟೆಂಟುಗಳನ್ನು ಹಣ ಬಯಸದೆ ಸರಕಾರಕ್ಕೊಪ್ಪಿಸಿದನು. ಸರ್ ಪದವಿ ಬಂದಿತು. ಹಿಂದಿನಿಂದ ಗುಂಡು ತುಂಬುವ ಇವನ ಏರ್ಪಾಡಿನಲ್ಲಿ ಮಾತ್ರ ದೋಷವುಳಿಯಿತು. ಹಿಂಬಾಯಿಯನ್ನು ಮುಚ್ಚುವ ತುಂಡು ಕೆಲವೊಮ್ಮೆ ಹಾರಿಬೀಳುತ್ತಿತ್ತು. 1863ರಲ್ಲಿ ಜಪಾನಿನ ಕಾಗೊಶಿಮಾದ ಮೇಲೆ ದಾಳಿಯಿಟ್ಟ ಹಡಗುಗಳಲ್ಲಿ ಅಂಥ ಅಪಘಾತಗಳಾದುವು. ಸೈನ್ಯವು ಮತ್ತೆ ಮುಂಬಾಯಿಯಿಂದ ತುಂಬುವ ತೋಪಿಗೆ ಹಿಂದಿರುಗಿತು. 1870ರ ಸುಮಾರಿಗೆ ಹಿಂದುಸ್ತಾನಕ್ಕಾಗಿ ಗೆರೆ ಕೊರೆದ ಕಂಚಿನ ತೋಪನ್ನೇ ರೂಪಿಸಿದರೆಂಬುದು ನನಗೆ ಸೋಜಿಗ. ಅದೂ ಬಹುಕಾಲ ಬಾಳಲಿಲ್ಲ. ಒಳ್ಳೆಯ ಉಕ್ಕು ಹೇರಳವಾಗಿ ದೊರೆತ ಮೇಲೆ, 1880ರ ದಶಕದಲ್ಲಿ, ಹಿಂಬಾಯಿಯ ತೋಪು ಮರಳಿ ಬಂದಿತು.

ಅಷ್ಟರಲ್ಲಿ ಎಲ್ಸ್‌ವಿಕ್ ಕಾರ್ಖಾನೆ ಕೊಳ್ಳುವವರಿಗೆಲ್ಲ ಮಾರುವ ಅಂಗಡಿಯಾಗಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಪಕ್ಷಗಳಿಗೆ ಅಲ್ಲಿಂದ ತೋಪು ಹೋದುವು. ಆಯುಧದ ಬಳಕೆಗೆ ರಾಷ್ಟ್ರ ಹೊಣೆ, ಶಿಲ್ಪಿಯಲ್ಲ ಎಂಬುದು ಆತನ ನಿಲುವು. ನನಗಿದು ಒಪ್ಪಿಗೆಯಿಲ್ಲ. ತನ್ನ ದೇಶಕ್ಕೆ ದಾನವಾಗಿ ಕೊಟ್ಟುದನ್ನು ಹಗೆಗಳಿಬ್ಬರಿಗೂ ಮಾರುವಾಗ ಹೊಣೆ ಯಾವ ರಾಷ್ಟ್ರದ್ದು? ಆದರೆ ಕಲ್ಲಿದ್ದಲು ತೀರುವ ದಿನವನ್ನು ನೆನೆದು 1863ರಷ್ಟು ಹಿಂದೆಯೇ ಎಚ್ಚರಿಸಿದವನೂ ಇವನೇ. ಕ್ರ್ಯಾಗ್‌ಸೈಡಿನ ತನ್ನ ಮನೆಯಲ್ಲಿ 1878ರಲ್ಲಿ ನೀರಿನ ಬಲದಿಂದ ವಿದ್ಯುದ್ದೀಪ ಹಚ್ಚಿದವನೂ ಇವನೇ. ಮಕ್ಕಳಿರಲಿಲ್ಲ. ನಮ್ಮ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯೆಗೆ ಬಿಟ್ಟುಹೋದಂತೆ, ಇವನೂ ತನ್ನ ಊರಿನ ವಿಜ್ಞಾನ ಕಾಲೇಜಿಗೆ ನೆರವಾದನು, ಜೆಸ್ಮಂಡಿನ ವನವನ್ನು ಪುರಜನರಿಗೆ ಬಿಟ್ಟುಕೊಟ್ಟನು. 1900ರ ಡಿಸೆಂಬರ್ 27ರಂದು, ತೊಂಬತ್ತರ ವಯಸ್ಸಿನಲ್ಲಿ, ಕ್ರ್ಯಾಗ್‌ಸೈಡಿನಲ್ಲಿಯೇ ತೀರಿಕೊಂಡನು. ಆಗ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ನಡೆದಿತ್ತು. ಎಲ್ಸ್‌ವಿಕ್ಕಿನ ತೋಪುಗಳು ಅಲ್ಲಿಯೂ ಇದ್ದುವು.