ಎರಡಾಣೆಯಿಂದ ಮನಗೆದ್ದ ವೈದ್ಯ

ಮಂಗಳೂರು: ಮಾತಿನಿಂದ ಗ್ರಾಹಕರ ಮನವೊಲಿಸುವ ಕಲೆಗೆ ಇಂದು ತರಬೇತಿ ಶಿಬಿರಗಳಿವೆ. ಕರಾವಳಿಯಲ್ಲಿ ಅದನ್ನು 1928ರಲ್ಲೇ ಮನೆಬಾಗಿಲಿಗೆ ಒಯ್ದವರು ಡಾ. ಟಿ.ಎಂ.ಎ. ಪೈ.

1898ರಲ್ಲಿ ಜನಿಸಿ ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದ ಅವರು, 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವರೊಡನೆ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಬ್ಯಾಂಕ್ ಸ್ಥಾಪಿಸಿದರು. ಕೈಯಲ್ಲಿ ಕಾಸಿಲ್ಲದವನಿಗೆ ಉಳಿತಾಯದ ಮಾತು ರುಚಿಸೀತೆ? ಪೈಯವರು ಬೇಡಿಕೆಯನ್ನೇ ಕಿರಿದಾಗಿಸಿದರು: ದಿನಕ್ಕೆ ಎರಡಾಣೆ ಸಾಕು, ಏಜೆಂಟರೇ ಬಂದು ಒಯ್ಯುವರು. ಅದೇ ಪಿಗ್ಮಿ ಠೇವಣಿ. ನಿತ್ಯ ಕಾಣುವ ಪರಿಚಿತ ಮುಖದ ಮುಂದೆ ಯಾವ ಭಾಷಣ ನಿಂತೀತು!

ಖಾಸಗಿ ವೈದ್ಯಕೀಯ ಕಾಲೇಜಿನ ಯೋಜನೆಗೂ ಅವರು ಸರಕಾರವನ್ನು ಒಪ್ಪಿಸಿದರು. 1953ರಲ್ಲಿ ಮಣಿಪಾಲದಲ್ಲಿ ಆರಂಭವಾದ ಆ ಕಾಲೇಜಿನ ವಿದ್ಯಾರ್ಥಿಗಳಿಗೆ ನಮ್ಮ ವೆನ್ಲಾಕ್ ಆಸ್ಪತ್ರೆ ಕಲಿಕೆಯ ತಾಣವಾಯಿತು. 1979ರಲ್ಲಿ ಪೈಯವರು ನಿಧನರಾದರು. ಸಿಂಡಿಕೇಟ್ ಎಂದು ಹೆಸರಾದ ಅವರ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು.