ಕೋಟದ ಕಾರಂತರು ಮತ್ತು ಹೊಸ ಯಂತ್ರಗಳು

ಈ ರಜೆಯಲ್ಲಿ ದುಬೈಯಿಂದ ಬಂದ ಮಾಮು ನನಗೊಂದು ಹೊಸ ಮೊಬೈಲ್ ತಂದುಕೊಟ್ಟರು. ಎರಡೇ ದಿನದಲ್ಲಿ ಅದರ ಎಲ್ಲ ಆಟಗಳನ್ನೂ ಕಲಿತೆ. ಮೂರನೆಯ ದಿನ ದಾದಿ ಒಂದು ಪ್ರಶ್ನೆ ಕೇಳಿದರು. ತಂತಿಯೇ ಇಲ್ಲದೆ ದುಬೈಯಲ್ಲಿರುವವರ ಮುಖ ಇದರೊಳಗೆ ಹೇಗೆ ಬರುತ್ತದೆ ಎಂದು. ವಿಜ್ಞಾನ ವಿಭಾಗದಲ್ಲಿ ಓದುವ ನನಗೆ ಉತ್ತರ ಹೇಳಲಾಗಲಿಲ್ಲ. ಇಂಥ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆದಿಡಲು ವರ್ಷಗಟ್ಟಲೆ ದುಡಿದವರೊಬ್ಬರು ನಮ್ಮ ಊರಿನವರೇ ಎಂಬುದು ಆಮೇಲೆ ನೆನಪಾಯಿತು.

ಕುಂದಾಪುರದಿಂದ ಬ್ರಹ್ಮಾವರಕ್ಕೆ ಹೋಗುವ ಬಸ್ಸು ದಾಟುವ ಕೋಟದಲ್ಲಿ, 1902ರ ಅಕ್ಟೋಬರ್ 10ರಂದು ಶಿವರಾಮ ಕಾರಂತರು ಹುಟ್ಟಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಮಂಗಳೂರಿನಲ್ಲಿ ಕಾಲೇಜು ಬಿಟ್ಟರು, ಖಾದಿ ಪ್ರಚಾರ ಮಾಡಿದರು. ಚರಕ ಹಿಡಿದವರು ಯಂತ್ರಗಳಿಂದ ದೂರ ಇದ್ದರೆಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಸಿನಿಮಾ ಇನ್ನೂ ಮಾತು ಕಲಿಯದ ಕಾಲದಲ್ಲಿ ಅವರು 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ತೆಗೆದರು. 1931ರಲ್ಲಿ 'ಆಲಂ ಆರಾ' ಬಂದು ಪರದೆಗೆ ಮಾತು ಬಂತು, ಮೂಕಿಯ ಕಾಲ ಮುಗಿಯಿತು. ಹೊಸ ವಿದ್ಯೆಯ ಹಿಂದೆ ಹೋದವರಿಗೆ ಇನ್ನೂ ಹೊಸದು ಬಂದು ಎದುರು ನಿಲ್ಲುವುದು ಆಗಲೂ ಇತ್ತು! ಅವರೇನೂ ಸುಮ್ಮನಾಗಲಿಲ್ಲ. ಪುತ್ತೂರಿನಲ್ಲಿ ಮುದ್ರಣಾಲಯ ನಡೆಸಿದರು, ತಮ್ಮ ಪುಸ್ತಕಗಳಿಗೆ ತಾವೇ ಚಿತ್ರ ಬರೆದರು. ಮುಂದೆ ಯಕ್ಷಗಾನದ ನೃತ್ಯನಾಟಕಕ್ಕೆ ವಯಲಿನ್, ಸ್ಯಾಕ್ಸೋಫೋನ್ ತಂದು ಕೆಲವರ ಸಿಟ್ಟಿಗೂ ಗುರಿಯಾದರು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1936ರ 'ಬಾಲ ಪ್ರಪಂಚ'. ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ. ನಮ್ಮ ಹಳ್ಳಿಗಳಲ್ಲಿ ಚಿಮಿಣಿ ದೀಪ ಉರಿಯುತ್ತಿದ್ದ ದಿನಗಳವು. ಯಂತ್ರ ಕಣ್ಣಿಗೆ ಬೀಳುವ ಮೊದಲೇ ಅದರ ವಿಚಾರ ಮಗುವಿನ ಕೈಗೆ ಕನ್ನಡದಲ್ಲಿ ಸಿಗಬೇಕೆಂಬ ಹಟ ಅವರದು. ನನ್ನ ಕಥೆ ಇದಕ್ಕೆ ಉಲ್ಟಾ. ಯಂತ್ರ ಕೈಗೆ ಬಂದಿದೆ, ವಿಚಾರ ಇನ್ನೂ ಬಂದಿಲ್ಲ. 1959ರಿಂದ 1964ರವರೆಗೆ, ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿಬಂದ ಕಾಲದಲ್ಲಿ, ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಬಂದವು. ಇಷ್ಟರ ನಡುವೆ ಕಾದಂಬರಿಗಳನ್ನೂ ಬರೆಯುತ್ತಿದ್ದರು. 'ಮೂಕಜ್ಜಿಯ ಕನಸುಗಳು' ಅವರಿಗೆ ಜ್ಞಾನಪೀಠ ತಂದುಕೊಟ್ಟಿತು.

ಹೀಗೆ ವಿಜ್ಞಾನವನ್ನು ಮನೆಮನೆಗೆ ತಂದವರು ಇಳಿವಯಸ್ಸಿನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರವನ್ನು ವಿರೋಧಿಸಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಮೊದಲು ಓದಿದಾಗ ನನಗೆ ಇದು ಅರ್ಥವಾಗಲಿಲ್ಲ. ವಿಜ್ಞಾನ ಬರೆದವರೇ ಯಂತ್ರ ಬೇಡ ಎನ್ನಬಹುದೇ? ಈಗ ಅನ್ನಿಸುತ್ತದೆ, ಹೇಗೆ ನಡೆಯುತ್ತದೆ ಎಂದು ತಿಳಿದವರಿಗೇ ಕೆಟ್ಟರೆ ಏನಾಗುತ್ತದೆ ಎಂದು ಕೇಳುವ ಧೈರ್ಯ ಬರುವುದು. 1994ರಲ್ಲಿ ಕಟ್ಟುತ್ತಿರುವಾಗಲೇ ಅಲ್ಲಿನ ಒಂದು ಗುಮ್ಮಟದ ಒಳಭಾಗ ಕಳಚಿ ಬಿತ್ತು. ಆದರೆ ಅದೇ ಕೈಗಾದ ಒಂದು ಘಟಕ 2018ರಲ್ಲಿ ನಿಲ್ಲದೆ 962 ದಿನ ನಡೆದು ವಿಶ್ವದಾಖಲೆ ಮಾಡಿತು. ಅದನ್ನು ನೋಡಲು ಕಾರಂತರು ಇರಲಿಲ್ಲ, 1997ರ ಡಿಸೆಂಬರ್ 9ರಂದು ತೀರಿಕೊಂಡಿದ್ದರು. ಇದ್ದಿದ್ದರೆ ಮನಸ್ಸು ಬದಲಿಸುತ್ತಿದ್ದರೇ? ನಮ್ಮ ತರಗತಿಯಲ್ಲಿ ಈ ವಾದ ಎರಡು ಮಧ್ಯಾಹ್ನ ನಡೆಯಿತು, ಮುಗಿಯಲಿಲ್ಲ.

ರೇಡಿಯೋ ಅಲೆ, ಟವರ್, ಕಡಲಡಿಯ ಕೇಬಲ್ ಎಲ್ಲ ಓದಿಕೊಂಡು ಮೊನ್ನೆ ದಾದಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಹಳೆಯ ಮೊಬೈಲನ್ನು ಎಲ್ಲಿ ಬಿಸಾಡಿದೆ ಎಂದು ಕೇಳಿದರು.