ಲೇಲೆಂಡ್ ಕ್ಲಾರ್ಕ್: ಗ್ಲುಕೋಮೀಟರ್‌ಗೆ ಒಂದು ಹನಿ ರಕ್ತ ಏಕೆ ಬೇಕು?

ಬೆರಳಿಗೆ ಚುಚ್ಚದೆ ಶುಗರ್ ತೋರಿಸುವ ವಾಚು, ಉಂಗುರಗಳ ಜಾಹೀರಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅಂಥ ಯಾವುದೇ ವಾಚು, ಉಂಗುರಕ್ಕೆ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ತಪ್ಪು ಅಂಕಿ ನಂಬಿ ಇನ್ಸುಲಿನ್ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಹಾಗಾದರೆ ರಕ್ತವೇ ಏಕೆ ಬೇಕು? ಉತ್ತರ ಲೇಲೆಂಡ್ ಕ್ಲಾರ್ಕ್ ಅವರ ಬದುಕಿನಲ್ಲಿದೆ.

1918ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹುಟ್ಟಿದ ಕ್ಲಾರ್ಕ್, 1944ರಲ್ಲಿ ಅಲ್ಲಿಯೇ ಪಿಎಚ್‌ಡಿ ಮುಗಿಸಿ ಓಹಿಯೋಗೆ ಹೋದರು. ಆಗ ಅವರ ತಲೆಯಲ್ಲಿ ಸಕ್ಕರೆ ಇರಲಿಲ್ಲ. ಹೃದಯದ ಆಪರೇಷನ್ ವೇಳೆ ರಕ್ತಕ್ಕೆ ಆಮ್ಲಜನಕ ತುಂಬುವ ಯಂತ್ರ ಕಟ್ಟುತ್ತಿದ್ದರು. ಆ ಕುರಿತ ಲೇಖನವನ್ನು ಪತ್ರಿಕೆಯೊಂದರ ಸಂಪಾದಕರು ಒಪ್ಪಲಿಲ್ಲ. ಯಂತ್ರದಿಂದ ಹೊರಬಂದ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆದು ತೋರಿಸಲು ಸಾಧ್ಯವಿರಲಿಲ್ಲ. ನನಗನಿಸುವಂತೆ ಆ ನಿರಾಕರಣೆಯೇ ನಮಗೆ ಲಾಭವಾಯಿತು!

ಪ್ಲಾಟಿನಂ ಎಲೆಕ್ಟ್ರೋಡ್ ಆಮ್ಲಜನಕವನ್ನು ಅಳೆಯಬಲ್ಲದು. ಆದರೆ ರಕ್ತದಲ್ಲಿ ನೇರವಾಗಿ ಇಟ್ಟರೆ ಪ್ರೋಟೀನ್ ಅಂಟಿಕೊಂಡು ಕೆಡುತ್ತಿತ್ತು. 1954ರಲ್ಲಿ ಕ್ಲಾರ್ಕ್ ಅದಕ್ಕೆ ತೆಳು ಪ್ಲಾಸ್ಟಿಕ್ ಪೊರೆ ಹೊದಿಸಿದರು. ಆಮ್ಲಜನಕ ಪೊರೆ ದಾಟಿ ಒಳಬಂತು, ಪ್ರೋಟೀನ್ ಹೊರಗೇ ಉಳಿಯಿತು.

1962ರಲ್ಲಿ, ಅಲಬಾಮಾದಲ್ಲಿದ್ದಾಗ, ಶಸ್ತ್ರವೈದ್ಯ ಚಾಂಪ್ ಲಯನ್ಸ್ ಜೊತೆ ಸೇರಿ ಅದೇ ಎಲೆಕ್ಟ್ರೋಡ್ ಮೇಲೆ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಪದರ ಇಡುವ ಉಪಾಯ ಮುಂದಿಟ್ಟರು. ಈ ಕಿಣ್ವ ಗ್ಲುಕೋಸ್ ಸಿಕ್ಕರೆ ಆಮ್ಲಜನಕ ಬಳಸಿ ಅದನ್ನು ಒಡೆಯುತ್ತದೆ. ಆಮ್ಲಜನಕ ಎಷ್ಟು ಇಳಿಯಿತೋ, ಸಕ್ಕರೆಯ ಲೆಕ್ಕ ಅಷ್ಟು. ಇದೇ ತತ್ವದ ಗ್ಲುಕೋಸ್ ಅಳೆಯುವ ಯಂತ್ರ 1975ರಲ್ಲಿ ಮಾರುಕಟ್ಟೆಗೆ ಬಂತು.

ಇಂದಿನ ಸ್ಟ್ರಿಪ್‌ಗಳಲ್ಲಿ ಆಮ್ಲಜನಕದ ಬದಲು ಬೇರೊಂದು ರಾಸಾಯನಿಕ ಎಲೆಕ್ಟ್ರಾನ್‌ಗಳನ್ನು ಸಾಗಿಸುತ್ತದೆ. ಆದರೆ ಕಿಣ್ವ ಮತ್ತು ಗ್ಲುಕೋಸ್ ಮುಖಾಮುಖಿ ಆಗಲೇಬೇಕು. ತೋಳಿಗೆ ಅಂಟಿಸುವ ಸಿಜಿಎಂ ಸೆನ್ಸರ್‌ಗೂ ಚರ್ಮದೊಳಗೆ ಕೂದಲೆಳೆಯಂಥ ತಂತಿ ಇರುವುದು ಇದಕ್ಕೇ.

ಅಂದಹಾಗೆ, ದ್ರವದಲ್ಲಿ ಮುಳುಗಿ ಉಸಿರಾಡುವ ಇಲಿಯ ಫೋಟೋ ನೋಡಿದ್ದೀರಾ? ಅದು ಫೇಕ್ ಅಲ್ಲ. 1966ರಲ್ಲಿ ಆ ಪ್ರಯೋಗ ಪ್ರಕಟಿಸಿದವರೂ ಕ್ಲಾರ್ಕ್ ಮತ್ತು ಅವರ ಸಹೋದ್ಯೋಗಿಯೇ. ಆಮ್ಲಜನಕದ ನಂಟು ಅವರನ್ನು ಬಿಡಲಿಲ್ಲ. 2005ರಲ್ಲಿ ಎಂಜಿನಿಯರಿಂಗ್‌ನ ದೊಡ್ಡ ಗೌರವವಾದ ರಸ್ ಪ್ರಶಸ್ತಿ ಬಂತು. ಅದೇ ವರ್ಷ ತೀರಿಕೊಂಡರು.

ಕಿಣ್ವಕ್ಕೆ ಗ್ಲುಕೋಸ್ ಗುರುತಿಸುವುದು ಗೊತ್ತು, ಅದು ಎಲ್ಲಿಂದ ಬಂತು ಎಂಬುದು ಗೊತ್ತಿಲ್ಲ. ಮಾವಿನಹಣ್ಣು ಸುಲಿದ ಕೈಯಲ್ಲೇ ಚುಚ್ಚಿದರೆ ಬೆರಳಿಗೆ ಅಂಟಿದ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಅಂಕಿ ವಿಪರೀತ ಹೆಚ್ಚು ಬಂದರೆ ಸೋಪಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಇನ್ನೊಮ್ಮೆ ನೋಡಿ.